ತೊಡೆ ಎಲುಬು ಮುರಿದ ಹಿರಿಯರಿಗೆ ರಾಡ್, ಹಾಫ್ ಬಾಲ್, ಫುಲ್ ಬಾಲ್: ಯಾರಿಗೆ ಯಾವುದು?

ಬಚ್ಚಲಲ್ಲಿ ಜಾರಿ ಬಿದ್ದ ಅಜ್ಜಿಯನ್ನು ಆಸ್ಪತ್ರೆಗೆ ತಂದ ಮನೆಯವರು, ಎಕ್ಸ್‌ರೇ ಕೈಗೆ ಬಂದ ಕೂಡಲೇ ಕೇಳುವ ಪ್ರಶ್ನೆ ಬಹುತೇಕ ಒಂದೇ: "ಹಾಫ್ ಬಾಲ್ ಹಾಕಿಸ್ಬೇಕೋ, ಫುಲ್ ಬಾಲ್ ಹಾಕಿಸ್ಬೇಕೋ?" ತೊಡೆ ಎಲುಬಿನ ತುದಿಯ ಗುಂಡನ್ನಷ್ಟೇ ಬದಲಿಸುವುದು ಹಾಫ್, ಅದು ಕೂರುವ ಬಟ್ಟಲನ್ನೂ ಬದಲಿಸುವುದು ಫುಲ್. ಪಕ್ಕದ ಮನೆಯವರಿಗೆ ಫುಲ್ ಹಾಕಿದ್ದಾರೆ. ಬೀಗರ ಕಡೆಯ ತಾತನಿಗೆ ಎಲುಬಿನೊಳಗೆ ರಾಡ್ ಹಾಕಿ ಮೂರೇ ತಿಂಗಳಲ್ಲಿ ಹೊಲಕ್ಕೆ ಕಳಿಸಿದ್ದಾರೆ. ಇನ್ಯಾರಿಗೋ ಹಾಫ್ ಹಾಕಿ ಕಾಲು ಗಿಡ್ಡ ಆಗಿದೆ. ಎಲ್ಲರ ಮಾತೂ ನಿಜವಿರಬಹುದು, ಆದರೆ ಅವರೆಲ್ಲರಿಗೂ ಮುರಿದ ಜಾಗ ಒಂದೇ ಆಗಿರುವುದಿಲ್ಲ.

ನಾನು ಕೊಪ್ಪಳ, ಗಂಗಾವತಿ ಕಡೆ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್. ಆಪರೇಷನ್ ಸರ್ಜನ್ನರದು, ಆಮೇಲೆ ಎಬ್ಬಿಸಿ, ನಿಲ್ಲಿಸಿ, ನಡೆಸುವ ಕೆಲಸ ನನ್ನ ಪಾಲಿಗೆ. ಹಾಗಾಗಿ ಆ ಹಿರಿಯರು ತಮ್ಮ ಮನೆಯಲ್ಲಿ, ತಮ್ಮ ಕಾಲ ಮೇಲೆ ಬಚ್ಚಲಿಗೆ ಹೋಗಿ ಬರಬಲ್ಲರೇ ಎಂಬುದೇ ಈ ಬರಹದ ಅಳತೆ. ಆ ಅಳತೆಗೆ ಹಿಡಿದರೆ ಬಾಲ್ ಯಾವುದು ಎಂಬ ಪ್ರಶ್ನೆ ಮೂರನೆಯ ಸ್ಥಾನಕ್ಕೆ ಹೋಗುತ್ತದೆ. ಮೊದಲನೆಯದು ಎಲುಬು ಎಲ್ಲಿ ಮುರಿದಿದೆ, ಎರಡನೆಯದು ಬೀಳುವ ಮುಂಚೆ ಅವರು ಹೇಗೆ ಓಡಾಡಿಕೊಂಡಿದ್ದರು. ಈ ಮೂರಕ್ಕಿಂತಲೂ ತೂಕದ್ದು ಆಪರೇಷನ್ ಯಾವ ದಿನ ಆಗುತ್ತದೆ ಎಂಬುದು.

ಎಕ್ಸ್‌ರೇ ಹಿಡಿದು ಮೊದಲು ಕೇಳಬೇಕಾದದ್ದು

ತೊಡೆ ಎಲುಬಿನ ಮೇಲ್ತುದಿಯಲ್ಲಿ ಒಂದು ಗುಂಡು ಇದೆ. ಅದು ಸೊಂಟದ ಬಟ್ಟಲಿನಲ್ಲಿ ಕೂತು ತಿರುಗುತ್ತದೆ. ಗುಂಡಿನ ಕೆಳಗೆ ಓರೆಯಾದ ಕತ್ತು, ಕತ್ತಿನ ಬುಡದಲ್ಲಿ ಉಬ್ಬಿದ ಗಂಟು. ರಿಪೋರ್ಟಿನಲ್ಲಿ "ನೆಕ್ ಆಫ್ ಫೀಮರ್" ಎಂದಿದ್ದರೆ ಮುರಿದದ್ದು ಕತ್ತು. "ಇಂಟರ್‌ಟ್ರೋಕ್ಯಾಂಟರಿಕ್" ಎಂದಿದ್ದರೆ ಮುರಿದದ್ದು ಬುಡದ ಗಂಟು. ಎರಡರ ನಡುವೆ ಇರುವ ದೂರ ಕೆಲವೇ ಸೆಂಟಿಮೀಟರ್, ಆದರೆ ಚಿಕಿತ್ಸೆ ಪೂರಾ ಬೇರೆ.

ಕಾರಣ ರಕ್ತ. ಎಲುಬಿನ ಆ ಗುಂಡಿಗೆ ರಕ್ತ ಹೆಚ್ಚಾಗಿ ಬರುವುದು ಕತ್ತಿಗೆ ಅಂಟಿಕೊಂಡು ಮೇಲಕ್ಕೆ ಹೋಗುವ ಸಣ್ಣ ನಾಳಗಳಿಂದ. ತುಂಗಭದ್ರಾ ಎಡದಂಡೆ ಕಾಲುವೆ ಮೇಲೆಲ್ಲೋ ಒಡೆದರೆ ಮಾನ್ವಿ, ರಾಯಚೂರು ಕಡೆಯ ಕೊನೆ ಭಾಗದ ಹೊಲಗಳಿಗೆ ನೀರು ತಪ್ಪುತ್ತದಲ್ಲ, ಗುಂಡಿನ ಸ್ಥಿತಿಯೂ ಅದೇ. ಕತ್ತು ಮುರಿದು ಜಾಗ ಬಿಟ್ಟು ಸರಿದರೆ ಆ ನಾಳಗಳು ಹರಿಯುತ್ತವೆ. ಆಮೇಲೆ ಎಷ್ಟು ಚೆನ್ನಾಗಿ ಜೋಡಿಸಿದರೂ ಗುಂಡು ಕೂಡಿಕೊಳ್ಳದೆ ಇರಬಹುದು, ಅಥವಾ ಕೂಡಿದ ಮೇಲೆ ಒಳಗೇ ಸತ್ತು ಕುಸಿಯಬಹುದು. ಅದಕ್ಕೇ ಸರಿದ ಕತ್ತಿಗೆ ವಯಸ್ಸಾದವರಲ್ಲಿ ಬಾಲ್ ಬದಲಿಸುತ್ತಾರೆ. ಬುಡದ ಗಂಟಿಗೆ ಸುತ್ತಲಿನ ಸ್ನಾಯುಗಳಿಂದ ಬೇಕಾದಷ್ಟು ರಕ್ತ ಸಿಗುತ್ತದೆ. ಅಲ್ಲಿ ಎಲುಬನ್ನು ಸರಿಯಾಗಿ ಹಿಡಿದು ನಿಲ್ಲಿಸಿದರೆ ತಾನೇ ಕೂಡುತ್ತದೆ, ಬಾಲ್ ಬದಲಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಬೀಗರ ತಾತನಿಗೆ ರಾಡ್, ನಿಮ್ಮ ಅವ್ವನಿಗೆ ಬಾಲ್ ಎಂದು ಡಾಕ್ಟರು ಬೇರೆ ಬೇರೆ ಹೇಳಿದ್ದಕ್ಕೆ ಹೆಚ್ಚಿನ ಸಲ ಇದೇ ಕಾರಣ. ಯಾರೂ ಮೋಸ ಮಾಡುತ್ತಿಲ್ಲ.

ಕತ್ತು ಮುರಿದಿದೆ, ಆದರೆ ಸರಿದಿಲ್ಲ

ಇಂಥವರು ಕೆಲವರು ಬಿದ್ದ ಮೇಲೂ ಎದ್ದು ನಾಲ್ಕು ಹೆಜ್ಜೆ ನಡೆದಿರುತ್ತಾರೆ. ತೊಡೆಸಂದಿಯಲ್ಲಿ ನೋವು ಅಷ್ಟೇ. ಮೊದಲ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರಬಹುದು. ನೋವು ಕಡಿಮೆಯಾಗದಿದ್ದರೆ ಎಂಆರ್‌ಐ ಅಥವಾ ಸಿಟಿ ಮಾಡಿಸಲೇಬೇಕು, ಏಕೆಂದರೆ ಇವತ್ತು ಸರಿಯದ ಎಲುಬು ನಾಳೆ ಮನೆಯಲ್ಲಿ ಸರಿಯಬಹುದು.

ಇಲ್ಲಿ ಸಣ್ಣ ಗಾಯದಲ್ಲಿ ಸ್ಕ್ರೂ ಹಾಕಿ ಗುಂಡನ್ನು ಉಳಿಸಿಕೊಳ್ಳುವುದು ರೂಢಿ. ಆಪರೇಷನ್ ಚಿಕ್ಕದು, ರಕ್ತ ಹೋಗುವುದು ಕಡಿಮೆ, ಸ್ವಂತ ಕೀಲು ಉಳಿಯುತ್ತದೆ. ಆದರೆ ಮನೆಯವರಿಗೆ ಒಂದು ಮಾತು ಮೊದಲೇ ಗೊತ್ತಿರಬೇಕು: ಸ್ಕ್ರೂ ಹಾಕಿದವರಲ್ಲಿ ಒಂದು ಪಾಲಿನವರು ಮತ್ತೆ ಆಪರೇಷನ್ ಟೇಬಲ್ ಮೇಲೆ ಮಲಗಬೇಕಾಗುತ್ತದೆ. 2017ರಲ್ಲಿ ಪ್ರಕಟವಾದ ಫೇತ್ ಎಂಬ ಹಲವು ದೇಶಗಳ ಅಧ್ಯಯನದಲ್ಲಿ, ಕತ್ತು ಮುರಿದು ಸ್ಕ್ರೂ ಹಾಕಿಸಿಕೊಂಡ 50 ದಾಟಿದವರಲ್ಲಿ ಎರಡು ವರ್ಷದೊಳಗೆ ನೂರಕ್ಕೆ ಸುಮಾರು 20ರಿಂದ 22 ಮಂದಿಗೆ ಎರಡನೇ ಆಪರೇಷನ್ ಆಯಿತು. ಆ ಲೆಕ್ಕದಲ್ಲಿ ಸರಿದವರೂ ಸರಿಯದವರೂ ಸೇರಿದ್ದಾರೆ. ನಿಮ್ಮ ಎಕ್ಸ್‌ರೇ ಯಾವ ಬಗೆಯದು ಎಂದು ಸರ್ಜನ್ನರನ್ನು ಕೇಳಿ. "ಗಾರ್ಡನ್ ಒಂದು, ಎರಡು" ಎಂದರೆ ಸರಿದಿಲ್ಲ, "ಮೂರು, ನಾಲ್ಕು" ಎಂದರೆ ಸರಿದಿದೆ.

ಕತ್ತು ಮುರಿದು ಸರಿದಿದೆ: ಹಾಫ್ ಅಥವಾ ಫುಲ್

ನಿಜವಾಗಿ ಆಯ್ಕೆ ಇರುವುದು ಈ ಜಾಗದಲ್ಲಿ. ಹಾಫ್ ಎಂದರೆ ಮುರಿದ ಗುಂಡನ್ನಷ್ಟೇ ತೆಗೆದು ಲೋಹದ ಗುಂಡು ಕೂರಿಸುವುದು. ಸೊಂಟದ ಬಟ್ಟಲು ಅವರದೇ. ಫುಲ್ ಎಂದರೆ ಬಟ್ಟಲಿಗೂ ಹೊಸ ಕಪ್ ಹಾಕುವುದು. "ಫುಲ್" ಅನ್ನುವ ಪದ ಕೇಳಿದ ಕೂಡಲೇ ಅದೇ ಶ್ರೇಷ್ಠ, ಹಾಫ್ ಹಾಕಿಸಿದರೆ ಅವ್ವನಿಗೆ ಕಮ್ಮಿ ಮಾಡಿದಂತೆ ಎಂದು ಮಕ್ಕಳಿಗೆ ಅನ್ನಿಸುತ್ತದೆ. ಈ ಸಂಕಟವನ್ನು ನಾನು ವಾರ್ಡಿನಲ್ಲಿ ತುಂಬ ನೋಡಿದ್ದೇನೆ. ಸಾಲ ಮಾಡಿಯಾದರೂ ಫುಲ್ ಹಾಕಿಸುತ್ತೇವೆ ಅನ್ನುವವರಿದ್ದಾರೆ. ಅವರಿಗೆ 2019ರಲ್ಲಿ ಬಂದ, ಹೆಲ್ತ್ ಎಂಬ ಹೆಸರಿನ ಅಧ್ಯಯನದ ಫಲಿತಾಂಶ ಹೇಳುತ್ತೇನೆ.

ಆ ಅಧ್ಯಯನದಲ್ಲಿ 10 ದೇಶಗಳ 1495 ಜನ ಇದ್ದರು. ಎಲ್ಲರೂ 50 ದಾಟಿದವರು, ಬೀಳುವ ಮುಂಚೆ ಇನ್ನೊಬ್ಬರ ಆಸರೆಯಿಲ್ಲದೆ ನಡೆಯುತ್ತಿದ್ದವರು, ಎಲ್ಲರಿಗೂ ಕತ್ತು ಮುರಿದು ಸರಿದಿತ್ತು. ಎರಡು ವರ್ಷದೊಳಗೆ ಮತ್ತೊಂದು ಆಪರೇಷನ್ ಬೇಕಾದದ್ದು ಫುಲ್ ಹಾಕಿದವರಲ್ಲಿ ನೂರಕ್ಕೆ 7.9, ಹಾಫ್ ಹಾಕಿದವರಲ್ಲಿ 8.3. ಅಂದರೆ ವ್ಯತ್ಯಾಸ ಇಲ್ಲವೆಂದೇ ಲೆಕ್ಕ. ನೋವು, ಓಡಾಟದಲ್ಲಿ ಫುಲ್ ಸ್ವಲ್ಪ ಮುಂದಿತ್ತು, ಆದರೆ ಆ ಮುಂದು ಚಿಕ್ಕದು. ಕೀಲು ಸಡಿಲವಾಗುವುದು ಅಥವಾ ಜಾರಿ ಹೊರಬರುವುದು ಫುಲ್‌ನಲ್ಲಿ 4.7, ಹಾಫ್‌ನಲ್ಲಿ 2.4.

ಈ ಕೊನೆಯ ಅಂಕಿ ನಮ್ಮ ಕಡೆ ಇನ್ನಷ್ಟು ಮುಖ್ಯ. ನಮ್ಮ ಹಿರಿಯರ ದಿನ ನೆಲದ ಮೇಲೆಯೇ ಕಳೆಯುತ್ತದೆ. ಕುಕ್ಕರಗಾಲಲ್ಲಿ ಕೂತು ಒಲೆ ಮುಂದೆ ರೊಟ್ಟಿ ಬಡಿಯುತ್ತಾರೆ, ಚಕ್ಕಳಮಕ್ಕಳ ಹಾಕಿ ಉಣ್ಣುತ್ತಾರೆ, ಕೆಳಗೆ ಕೂತೇ ಶೌಚಕ್ಕೆ ಹೋಗುತ್ತಾರೆ. ಸೊಂಟವನ್ನು ಪೂರಾ ಮಡಚಿ ತೊಡೆಯನ್ನು ಒಳಕ್ಕೆ ತಿರುಗಿಸುವ ಭಂಗಿಯಲ್ಲೇ ಹಾಕಿದ ಬಾಲ್ ಜಾರುವುದು, ಅದರಲ್ಲೂ ಹಿಂಬದಿಯಿಂದ ಕೊಯ್ದು ಮಾಡಿದ ಆಪರೇಷನ್‌ನಲ್ಲಿ. ಫುಲ್ ಆಗಲಿ ಹಾಫ್ ಆಗಲಿ ಬಾಲ್ ಬದಲಿಸಿದ ಮೇಲೆ ಎತ್ತರದ ಕಮೋಡ್, ಎತ್ತರದ ಕುರ್ಚಿ, ಕಟ್ಟೆ ಮೇಲಿನ ಒಲೆ ಬೇಕೇ ಬೇಕು. ಮರೆವಿನ ಕಾಯಿಲೆ ಇರುವ ಅಜ್ಜಿಗೆ "ಕೆಳಗೆ ಕೂರಬೇಡಿ" ಎಂದರೆ ಐದು ನಿಮಿಷದಲ್ಲಿ ಮರೆತು ಕೂರುತ್ತಾರೆ. ಅವರಿಗೆ ಫುಲ್ ಹಾಕಿಸಲು ಒತ್ತಾಯ ಮಾಡಬೇಡಿ.

ಹಾಗಾದರೆ ಫುಲ್ ಯಾರಿಗೆ? ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಇದನ್ನು ಒಪ್ಪವಾಗಿ ಹೇಳುತ್ತದೆ: ಬೀಳುವ ಮುಂಚೆ ಹೆಚ್ಚೆಂದರೆ ಒಂದು ಕೋಲು ಹಿಡಿದು ಮನೆ ಹೊರಗೆ ತಾವೇ ಓಡಾಡುತ್ತಿದ್ದವರು, ಆಪರೇಷನ್ ತಡೆದುಕೊಳ್ಳುವ ಮೈ ಇರುವವರು, ಇನ್ನೂ ಎರಡು ವರ್ಷಕ್ಕೂ ಮೀರಿ ತಮ್ಮ ಕೆಲಸ ತಾವು ಮಾಡಿಕೊಂಡು ಇರಬಲ್ಲರು ಎಂಬ ನಿರೀಕ್ಷೆ ಇರುವವರು. ಇದಕ್ಕೆ ನಾನು ಒಂದು ಸೇರಿಸುತ್ತೇನೆ: ಆ ಕೀಲಿನಲ್ಲಿ ಮೊದಲೇ ಸವೆತ, ಸಂಧಿವಾತದ ನೋವು ಇದ್ದವರು. ಸವೆದ ಬಟ್ಟಲಿಗೆ ಲೋಹದ ಗುಂಡು ಉಜ್ಜಿದರೆ ನೋವು ಹೋಗುವುದಿಲ್ಲ. 65ರ ಸುಮಾರಿನ, ದಿನಾ ಸಂತೆಗೆ ಹೋಗಿ ಬರುವ, ಚುರುಕಾದ ಮನುಷ್ಯನಿಗೆ ಫುಲ್ ಸಾರ್ಥಕ. ಹಾಫ್ ಹಾಕಿದರೆ ವರ್ಷಗಳು ಕಳೆದಂತೆ ಬಟ್ಟಲು ಸವೆದು ತೊಡೆಸಂದಿ ನೋಯಬಹುದು. 85ರ, ಮನೆ ಅಂಗಳದಾಚೆ ಹೋಗದ ಅಜ್ಜಿಗೆ ಹಾಫ್ ಸಾಕು. ಚಿಕ್ಕ ಆಪರೇಷನ್, ಬೇಗ ಮುಗಿಯುತ್ತದೆ. ಸಂಕಟಪಡಬೇಡಿ, ಅವ್ವನಿಗೆ ಕಮ್ಮಿ ಏನೂ ಆಗಲಿಲ್ಲ.

ಹಾಫ್‌ನಲ್ಲಿ ಮತ್ತೆ ಎರಡು ಬಗೆ ಹೇಳುತ್ತಾರೆ. ಒಂದೇ ಗುಂಡಿನ ಯುನಿಪೋಲಾರ್, ಗುಂಡಿನೊಳಗೆ ಗುಂಡು ತಿರುಗುವ ಬೈಪೋಲಾರ್. ಬೈಪೋಲಾರ್ ನಮ್ಮಲ್ಲಿ ಹೆಚ್ಚು ಬಳಕೆ, ದುಡ್ಡೂ ಹೆಚ್ಚು. ವಯಸ್ಸಾದವರ ನಡಿಗೆಯಲ್ಲಿ ಎರಡಕ್ಕೂ ದೊಡ್ಡ ಅಂತರ ಕಂಡುಬಂದಿಲ್ಲ. ಇದರ ಮೇಲೆ ತಲೆ ಕೆಡಿಸಿಕೊಳ್ಳುವ ಬದಲು ಸಿಮೆಂಟ್ ಹಾಕುತ್ತಾರೋ ಇಲ್ಲವೋ ಎಂದು ಕೇಳಿ.

ಸಿಮೆಂಟ್ ಎಂದರೆ ಲೋಹದ ಕಾಂಡವನ್ನು ಎಲುಬಿನೊಳಗೆ ಹಿಡಿದು ನಿಲ್ಲಿಸುವ ಅಕ್ರಿಲಿಕ್ ಪದಾರ್ಥ. ಸಿಮೆಂಟಿಲ್ಲದ ಕಾಂಡವನ್ನು ಬಿಗಿಯಾಗಿ ಬಡಿದು ಕೂರಿಸಬೇಕು. ಟೊಳ್ಳಾದ ಮುದಿ ಎಲುಬು ಆ ಪೆಟ್ಟಿಗೋ ಆಮೇಲೆ ಬರುವ ಭಾರಕ್ಕೋ ಸೀಳಬಹುದು. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ 60 ದಾಟಿದ 1225 ಜನರಿಗೆ ಹಾಫ್ ಬಾಲ್ ಹಾಕಿ ನೋಡಿದರು. ಕಾಂಡದ ಸುತ್ತ ಎಲುಬು ಮುರಿದದ್ದು ಸಿಮೆಂಟ್ ಹಾಕಿದವರಲ್ಲಿ ನೂರಕ್ಕೆ 0.5, ಹಾಕದವರಲ್ಲಿ 2.1. ನಾಲ್ಕು ತಿಂಗಳಿಗೆ ಜೀವನದ ಗುಣಮಟ್ಟವೂ ಸಿಮೆಂಟಿನವರದೇ ಚೆನ್ನಾಗಿತ್ತು. ಸಿಮೆಂಟ್ ತುಂಬುವ ಗಳಿಗೆಯಲ್ಲಿ ಕೆಲವರಿಗೆ ಬಿಪಿ ದಿಢೀರನೆ ಇಳಿಯುವ ಅಪಾಯವಿದೆ, ಹೃದಯ ತೀರಾ ಸೋತವರಲ್ಲಿ ಸರ್ಜನ್ ಬೇಡ ಎನ್ನಬಹುದು. ಆ ಕಾರಣ ಇಲ್ಲದಿದ್ದರೆ 75 ದಾಟಿದವರಿಗೆ ನಾನು ಸಿಮೆಂಟಿನ ಪರ.

ಬುಡದ ಗಂಟು ಮುರಿದರೆ

ಇಲ್ಲಿ ಆಯ್ಕೆ ಪ್ಲೇಟಿನ ಜೊತೆಗಿನ ದೊಡ್ಡ ಸ್ಕ್ರೂ ಅಥವಾ ತೊಡೆ ಎಲುಬಿನ ಒಳಗೇ ಇಳಿಸುವ ರಾಡ್. ಮೊದಲನೆಯದಕ್ಕೆ ಡಿಎಚ್‌ಎಸ್, ಎರಡನೆಯದಕ್ಕೆ ಪಿಎಫ್‌ಎನ್ ಎಂದು ಬರೆದಿರುತ್ತಾರೆ. ಎರಡೇ ತುಂಡಾಗಿ ಸರಳವಾಗಿ ಮುರಿದಿದ್ದರೆ ಎರಡೂ ನಡೆಯುತ್ತದೆ. ಹಲವು ತುಂಡಾಗಿದ್ದರೆ, ಮುರಿತ ಕೆಳಕ್ಕೆ ಇಳಿದಿದ್ದರೆ, ರಾಡೇ ಸರಿ. ಇಲ್ಲಿ ಕೆಲವರು ಬೇಗ ಕಾಲೂರಲಿ ಎಂದು ಬಾಲ್ ಬದಲಿಸುವುದೂ ಉಂಟು, ಹಾಗೆ ಹೇಳಿದರೆ "ರಾಡ್ ಯಾಕೆ ಬೇಡ ಸರ್?" ಎಂದು ಕೇಳಿ, ಕಾರಣ ಹೇಳುತ್ತಾರೆ.

ಈ ಮುರಿತದಲ್ಲಿ ತೊಡೆಯೊಳಗೆ ಕಣ್ಣಿಗೆ ಕಾಣದ ರಕ್ತ ತುಂಬ ಹೋಗುತ್ತದೆ. ಬಂದಾಗ 11 ಇದ್ದ ಹಿಮೋಗ್ಲೋಬಿನ್ ಮರುದಿನ 8ಕ್ಕೆ ಇಳಿದರೆ ಗಾಬರಿ ಬೇಡ, ಆದರೆ ರಕ್ತ ಕೊಡುವವರನ್ನು ಮೊದಲೇ ಹೊಂದಿಸಿಕೊಳ್ಳಿ. ಒಂದು ಒಳ್ಳೆಯದು: ಎಲುಬು ಸರಿಯಾಗಿ ಕೂಡಿದ ಮೇಲೆ ಕೀಲು ತಮ್ಮದೇ ಆದ್ದರಿಂದ ಮತ್ತೆ ನೆಲದ ಮೇಲೆ ಕೂರುವ ಅವಕಾಶ ಅನೇಕರಿಗೆ ಉಳಿಯುತ್ತದೆ.

ಆಪರೇಷನ್ ಬೇಡ, ಕಟ್ಟು ಸಾಕು ಎಂದರೆ

"ವಯಸ್ಸಾಗ್ಯಾದ, ತಡಕೊಂತಾರೇನ್ರಿ? ಕಟ್ಟು ಹಾಕಿಸಿ ಮಲಗಿಸಿಬಿಡ್ತೀವಿ." ರಾಯಚೂರು ಕಡೆಯ ಹಳ್ಳಿಗಳಲ್ಲಿ ಈ ಮಾತು ಇವತ್ತಿಗೂ ಇದೆ, ಅದರ ಹಿಂದೆ ಇರುವುದು ಪ್ರೀತಿ ಮತ್ತು ಭಯ. ಮುಂಗೈ ಮುರಿದರೆ ದಬ್ಬೆ ಕಟ್ಟಿ ಎಲುಬನ್ನು ಅಲುಗದಂತೆ ಹಿಡಿಯಬಹುದು. ಸೊಂಟದ ಕೀಲು ದಪ್ಪ ಸ್ನಾಯುಗಳ ಒಳಗೆ ಆಳದಲ್ಲಿದೆ. ಯಾವ ಕಟ್ಟೂ, ಯಾವ ಎಣ್ಣೆಯೂ ಅದನ್ನು ಹಿಡಿದು ನಿಲ್ಲಿಸಲಾರದು. ಮಲಗಿದಲ್ಲೇ ಇದ್ದ ಹಿರಿಯರಿಗೆ ಬೆನ್ನುಹುಣ್ಣು, ನ್ಯುಮೋನಿಯಾ, ಮೂತ್ರದ ಸೋಂಕು, ಕಾಲಿನ ನಾಳದಲ್ಲಿ ರಕ್ತ ಹೆಪ್ಪು ಒಂದರ ಹಿಂದೆ ಒಂದು ಬರುತ್ತವೆ. ಅಪಾಯ ಆಪರೇಷನ್ನಿನಲ್ಲೂ ಇದೆ: ಹಲವು ದೇಶಗಳ ಲೆಕ್ಕದಲ್ಲಿ ಈ ಎಲುಬು ಮುರಿದ ಹಿರಿಯರಲ್ಲಿ ನೂರಕ್ಕೆ 20ರಿಂದ 30 ಮಂದಿ ವರ್ಷದೊಳಗೆ ತೀರಿಕೊಳ್ಳುತ್ತಾರೆ. ಇದು ಅಷ್ಟು ದೊಡ್ಡ ಪೆಟ್ಟು. ಅದಕ್ಕೇ ಮಲಗಿಸಿಬಿಡುವುದನ್ನು ಸುರಕ್ಷಿತ ದಾರಿ ಎಂದು ಯಾರೂ ತಿಳಿಯಬಾರದು.

ಮೊದಲೇ ಹಾಸಿಗೆ ಹಿಡಿದಿದ್ದವರು, ಕೊನೆಯ ದಿನಗಳಲ್ಲಿ ಇರುವವರು ಬೇರೆ ಮಾತು. ಅವರಿಗೆ ಆಪರೇಷನ್ ಬೇಡ ಎಂದು ಡಾಕ್ಟರ ಜೊತೆ ಕೂತು ನಿರ್ಧರಿಸಬಹುದು. ಆಗಲೂ ನೋವು ತಡೆಯುವ ನರದ ಇಂಜೆಕ್ಷನ್, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವ ಆರೈಕೆ ಸಿಗಲೇಬೇಕು.

ಊರಲ್ಲೇ ಮಾಡಿಸುವುದೋ, ದೂರ ಹೋಗುವುದೋ

ರಾಯಚೂರಿನವರ ಕಣ್ಣು ಹೈದರಾಬಾದಿನ ಮೇಲೆ, ಕೊಪ್ಪಳದವರದು ಹುಬ್ಬಳ್ಳಿಯ ಮೇಲೆ, ಬಳ್ಳಾರಿಯವರದು ಬೆಂಗಳೂರಿನ ಮೇಲೆ. ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್. ಗಂಗಾವತಿ, ಸಿಂಧನೂರಿನಂಥ ಊರುಗಳಲ್ಲಿ ಎಲುಬಿನ ಖಾಸಗಿ ಆಸ್ಪತ್ರೆಗಳೂ ಇವೆ. ರಾಡ್ ಮತ್ತು ಹಾಫ್ ಬಾಲ್ ಎಲುಬು ತಜ್ಞರ ನಿತ್ಯದ ಕೆಲಸ. ಅದಕ್ಕಾಗಿ ಇನ್ನೂರು, ಮುನ್ನೂರು ಕಿಲೋಮೀಟರ್ ಮುರಿದ ಕಾಲು ಹೊತ್ತು ಹೋಗುವುದರಲ್ಲಿ ಲಾಭ ಕಡಿಮೆ. ಫುಲ್ ಬಾಲ್ ಆದರೆ "ಇದನ್ನು ನೀವು ಪದೇ ಪದೇ ಮಾಡ್ತೀರಾ ಸರ್?" ಎಂದು ಕೇಳುವುದರಲ್ಲಿ ತಪ್ಪಿಲ್ಲ, ಒಳ್ಳೆಯ ಸರ್ಜನ್ ಬೇಸರ ಮಾಡಿಕೊಳ್ಳುವುದಿಲ್ಲ. ಐಸಿಯು ಬೇಕಾಗುವಷ್ಟು ಹೃದಯ, ಶ್ವಾಸಕೋಶ, ಕಿಡ್ನಿ ತೊಂದರೆ ಇದ್ದರೆ, ಮುಂಚಿನ ಆಪರೇಷನ್ ಕೆಟ್ಟು ಮತ್ತೆ ಮಾಡಬೇಕಿದ್ದರೆ, ದೂರ ಹೋಗುವುದಕ್ಕೆ ಅರ್ಥವಿದೆ. ಹೋಗುವ ಮುಂಚೆ ನೋವಿನ ಇಂಜೆಕ್ಷನ್ ಕೊಡಿಸಿ, ಎರಡು ಕಾಲಿನ ನಡುವೆ ದಿಂಬು ಇಟ್ಟು, 108 ಅಥವಾ ಬೇರೆ ಆಂಬ್ಯುಲೆನ್ಸ್‌ನಲ್ಲಿ ಮಲಗಿಸಿಯೇ ಕರೆದೊಯ್ಯಿರಿ. ಕಾರಿನ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸಬೇಡಿ.

ದುಡ್ಡಿನ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಕಾಣಿ, ರೆಫರಲ್ ಬೇಕೇ ಎಂದು ಅವರೇ ಹೇಳುತ್ತಾರೆ. ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ಬಾಲ್ ಅಥವಾ ರಾಡ್‌ನ ಖರ್ಚು ಪ್ಯಾಕೇಜಿನೊಳಗೆ ಇದೆಯೇ ಎಂದು ಅಡ್ಮಿಟ್ ಆಗುವ ಮುಂಚೆಯೇ ಕೇಳಿ.

ಯಾವ ದಿನ

ನೈಸ್ ಮಾರ್ಗಸೂಚಿ ಹೇಳುವುದು ದಾಖಲಾದ ದಿನ ಅಥವಾ ಮರುದಿನ ಆಪರೇಷನ್ ಆಗಬೇಕೆಂದು. 2020ರ ಹಿಪ್ ಅಟ್ಯಾಕ್ ಅಧ್ಯಯನದಲ್ಲಿ 17 ದೇಶಗಳ 2970 ಜನರಲ್ಲಿ ಒಂದು ಗುಂಪಿಗೆ ಸುಮಾರು 6 ಗಂಟೆಯೊಳಗೆ, ಇನ್ನೊಂದಕ್ಕೆ ಸುಮಾರು 24 ಗಂಟೆಗೆ ಆಪರೇಷನ್ ಆಯಿತು. ಸಾವಿನಲ್ಲಿ ಗಮನಿಸುವಂಥ ವ್ಯತ್ಯಾಸ ಬರಲಿಲ್ಲ. ಬೇಗ ಆದವರಲ್ಲಿ ಬುದ್ಧಿಭ್ರಮೆ ಕಡಿಮೆಯಿತ್ತು, ಅವರು ಬೇಗ ಎದ್ದು ನಿಂತರು. ಗಂಟೆಗಳ ಲೆಕ್ಕದಲ್ಲಿ ಗಾಬರಿ ಬೇಡ ಎಂದು ಇದರಿಂದ ತಿಳಿದುಕೊಳ್ಳಬಹುದು. ನಮ್ಮ ಕಡೆಯ ತೊಂದರೆ ಗಂಟೆಗಳದಲ್ಲ, ದಿನಗಳದು. ಮೊದಲ ಎರಡು ದಿನ ಎಣ್ಣೆ ತಿಕ್ಕುತ್ತಾ ಮನೆಯಲ್ಲಿ, ಆಮೇಲೆ ಬೆಂಗಳೂರಿಗೋ ಪುಣೆಗೋ ದುಡಿಯಲು ಹೋದ ಮಗ ಬರಲಿ ಎಂದು, ಆಮೇಲೆ ಅಮಾವಾಸ್ಯೆ ಕಳೆಯಲಿ ಎಂದು. ಮಗನಿಗೆ ಫೋನಿನಲ್ಲಿ ಎಕ್ಸ್‌ರೇ ಕಳಿಸಿ ಮಾತಾಡಿ, ಒಪ್ಪಿಗೆಗೆ ಮನೆಯಲ್ಲಿರುವವರೇ ಸಹಿ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ, ಬಿಪಿ, ಶುಗರ್ ಮಾತ್ರೆಗಳ ಚೀಟಿಯನ್ನು ಮೊದಲ ಗಂಟೆಯಲ್ಲೇ ಡಾಕ್ಟರ ಕೈಗೆ ಕೊಡಿ. ಆಪರೇಷನ್ನಿಗೆ ಮೈ ಸರಿಯಿದೆ ಎಂಬ ಫಿಟ್ನೆಸ್ ತಡವಾಗುವುದು ಎಷ್ಟೋ ಸಲ ಆ ಚೀಟಿ ಸಿಗದೆ.

ಬೆನ್ನಿಗೆ ಇಂಜೆಕ್ಷನ್ನೋ ಪೂರ್ತಿ ಅರಿವಳಿಕೆಯೋ ಎಂಬ ಚಿಂತೆಯನ್ನು ಅರಿವಳಿಕೆ ತಜ್ಞರಿಗೆ ಬಿಡಿ. 2021ರಲ್ಲಿ 1600 ಜನರ ಮೇಲೆ ನಡೆದ ರಿಗೇನ್ ಅಧ್ಯಯನದಲ್ಲಿ ಎರಡೂ ಸಮನಾಗಿದ್ದವು.

ಬಾಲ್ ಆಗಲಿ ರಾಡ್ ಆಗಲಿ, ಮರುದಿನವೇ ವಾಕರ್ ಹಿಡಿಸಿ ಕಾಲೂರಿಸುತ್ತೇವೆ. ಸರ್ಜನ್ ಬೇಡ ಎಂದು ಬರೆದಿದ್ದರೆ ಮಾತ್ರ ಬಿಡುತ್ತೇವೆ. "ಹಸಿ ಗಾಯ, ನಾಲ್ಕು ದಿನ ಮಲಗಲಿ" ಎಂದು ಮನೆಯವರು ಅಡ್ಡ ಬರುತ್ತಾರೆ. ದಯವಿಟ್ಟು ಬರಬೇಡಿ. ಆ ನಾಲ್ಕು ದಿನದಲ್ಲಿ ಕಳೆದ ತೊಡೆಯ ಬಲ ಮತ್ತೆ ಕೂಡಿಸಲು ವಾರಗಳೇ ಬೇಕು.

ಮನೆಗೆ ಹೋಗುವ ಮುಂಚೆ

ಹೊಟ್ಟೆಯ ಚರ್ಮಕ್ಕೆ ಕೊಡುವ ಹೆಪ್ಪು ತಡೆಯುವ ಇಂಜೆಕ್ಷನ್ ಅಥವಾ ಮಾತ್ರೆ ಎಷ್ಟು ದಿನ ಎಂದು ಬರೆಸಿಕೊಳ್ಳಿ, ಸಾಮಾನ್ಯವಾಗಿ ಸುಮಾರು ಒಂದು ತಿಂಗಳು. ಕುಡಿಯುವ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವ ಊರಿನವರಾದರೆ ಡಾಕ್ಟರಿಗೆ ಹೇಳಿ; ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಗಳಲ್ಲಿ ಅಂಥ ಹಳ್ಳಿಗಳಿವೆ. ಫ್ಲೋರೈಡ್ ತುಂಬಿದ ಎಲುಬು ಎಕ್ಸ್‌ರೇಯಲ್ಲಿ ದಪ್ಪಗೆ, ಬೆಳ್ಳಗೆ ಕಂಡರೂ ಬಲ ಇರುವುದಿಲ್ಲ.

ನಿಂತಲ್ಲೇ ಬಿದ್ದು ತೊಡೆ ಎಲುಬು ಮುರಿಯಿತೆಂದರೆ ಎಲುಬು ಟೊಳ್ಳಾಗಿದೆ ಎಂದೇ ತಿಳಿಯಬೇಕು. ಇನ್ನೊಂದು ಕಾಲು ಇನ್ನೂ ಇದೆ. ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಜೊಲೆಡ್ರೋನಿಕ್ ಆಸಿಡ್ ಎಂಬ ಇಂಜೆಕ್ಷನ್ ಇದೆ. 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಆಪರೇಷನ್ ಆಗಿ 90 ದಿನದೊಳಗೆ ಅದನ್ನು ಪಡೆದವರಲ್ಲಿ ಹೊಸ ಮುರಿತ ಶೇ. 35 ಕಡಿಮೆ, ಸಾವು ಶೇ. 28 ಕಡಿಮೆ. ಕಿಡ್ನಿಯ ಕ್ರಿಯಾಟಿನಿನ್, ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ನೋಡಿಕೊಂಡು ಕೊಡುತ್ತಾರೆ. ಹಲ್ಲು ಕೀಳಿಸುವುದಿದ್ದರೆ ಮೊದಲೇ ತಿಳಿಸಬೇಕು. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಮಾತ್ರೆಯೂ ಇದೆ, ಅದನ್ನು ನುಂಗಿ ಅರ್ಧ ಗಂಟೆ ಮಲಗದೆ ನೆಟ್ಟಗೆ ಕೂತಿರಬೇಕಾದ್ದರಿಂದ ಎಲ್ಲರಿಗೂ ಆಗುವುದಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಎಲುಬಿನ ಔಷಧಿಯ ಸಾಲು ಕಾಣದಿದ್ದರೆ, ಹೊಲಿಗೆ ಬಿಚ್ಚಿಸಲು ಹೋದ ದಿನ ಕೇಳಿ ಬರೆಸಿಕೊಳ್ಳಿ.